ಆಕ್ಷೇಪಣೆ ಇದ್ದಲ್ಲಿ ಕಚೇರಿ ವೇಳೆಯಲ್ಲಿ ಸಲ್ಲಿಸತಕ್ಕದ್ದು

ಪೇಪರಿನ ಒಳಪುಟದಲ್ಲಿ ಮತ್ತೆ ಆ ಸರ್ಕಾರಿ ನೋಟಿಸಿನ ಚೌಕ ಬಂದಿದೆ. ಎಡಕ್ಕೆ ಹೆಸರು ಬದಲಾಯಿಸಿಕೊಂಡವರ ಅಫಿಡವಿಟ್ಟು, ಬಲಕ್ಕೆ ಮಾರ್ಕ್ಸ್ ಕಾರ್ಡ್ ಕಳೆದುಕೊಂಡವರ ಗೋಳು. ನಡುವೆ ಇರುವೆ ಸಾಲಿನಂಥ ಅಕ್ಷರದಲ್ಲಿ ನಮ್ಮ ಬೆಂಗಳೂರಿನ ಭವಿಷ್ಯ. ಇಂಥ ಹೋಬಳಿ, ಇಂಥ ಗ್ರಾಮ, ಇಂಥ ಸರ್ವೆ ನಂಬರಿನ ಇಷ್ಟು ಎಕರೆ ಇಷ್ಟು ಗುಂಟೆ ಜಮೀನನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಉದ್ದೇಶಿಸಲಾಗಿದೆ. ಸಾರ್ವಜನಿಕರಿಂದ ಆಕ್ಷೇಪಣೆ ಇದ್ದಲ್ಲಿ 15 ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.

ನಮ್ಮ ಅಧಿಕಾರಿಗಳನ್ನು ಸುಮ್ನೆ ಬೈಯುತ್ತೇವೆ ಕಣ್ರೀ. ಅವರು ಏನನ್ನೂ ಮುಚ್ಚಿಡುವುದಿಲ್ಲ. ಕಾನೂನು ಪತ್ರಿಕೆಯಲ್ಲಿ ಪ್ರಕಟಿಸು ಅಂದಿತು, ಪ್ರಕಟಿಸಿದರು. ಯಾರಾದರೂ ಓದಬೇಕು ಅಂತ ಕಾನೂನು ಹೇಳಿಲ್ಲವಲ್ಲ.

ಆದರೂ ಕೆಲವರು ಓದುತ್ತಾರೆ. ರಿಟೈರಾದ ಎಂಜಿನಿಯರ್ ಒಬ್ಬರು, ಪಕ್ಕದ ಸರ್ವೆ ನಂಬರಿನವನ ವಕೀಲರು, ಮತ್ತೆ ಬ್ರೋಕರ್. ಬ್ರೋಕರ್ ಮಾತ್ರ ಖುಷಿಗೆ ಓದುತ್ತಾನೆ. ಅವನಿಗೆ ಆರು ತಿಂಗಳ ಹಿಂದೆಯೇ ಗೊತ್ತಿತ್ತು. ಈ ಮೂವರೇ ನಮ್ಮ 'ಸಾರ್ವಜನಿಕರು'. ಉಳಿದ ಒಂದು ಕೋಟಿ ಜನಕ್ಕೆ ಆಕ್ಷೇಪಣೆ ಇಲ್ಲ ಅಂತ ಭಾವಿಸಲಾಗಿದೆ.

ಕೆಲವೊಮ್ಮೆ ಸಭೆಯನ್ನೂ ಕರೆಯುತ್ತಾರೆ. ಯಾವತ್ತು? ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಪೀಣ್ಯದ ಗಾರ್ಮೆಂಟ್ಸ್ ಹೆಂಗಸು ಆ ಹೊತ್ತಿಗೆ ಮೆಷಿನ್ ಮುಂದೆ ಇರುತ್ತಾಳೆ. ಯಾದಗಿರಿಯಿಂದ ಬಂದು ಶೆಡ್ಡಿನಲ್ಲಿರುವ ಗಾರೆಯವನು ಇದೇ ಊರಿನ ಇನ್ಯಾರದೋ ಮನೆಗೆ ಗೋಡೆ ಕಟ್ಟುತ್ತಿರುತ್ತಾನೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಕೊಂಡ ಬಾಡಿಗೆಯವನು ಟ್ರಾಫಿಕ್ಕಿನಲ್ಲಿರುತ್ತಾನೆ. ಬರುವವರು ಯಾರಪ್ಪಾ ಅಂದರೆ ಸ್ವಂತ ಮನೆ ಇದ್ದವರು. ಊರಿನಲ್ಲಿ ಮನೆ ಯಾರಿಗೆ, ಎಲ್ಲಿ, ಎಷ್ಟು ಬೇಕು ಅನ್ನುವುದನ್ನು ಈಗಾಗಲೇ ಮನೆ ಇರುವವರೇ ಕೂತು ತೀರ್ಮಾನಿಸುತ್ತಾರೆ.

ಆ ಸಭೆಯ ಭಾಷಣಗಳನ್ನು ನೀವೂ ಕೇಳಿರುತ್ತೀರಿ. 'ಅಪಾರ್ಟ್‌ಮೆಂಟ್ ಬಂದರೆ ನಮ್ಮ ಬಡಾವಣೆಯ ನೆಮ್ಮದಿ ಹಾಳು' ಅಂತ ಒಬ್ಬರು ಗದ್ಗದಿತರಾಗುತ್ತಾರೆ. ಅವರ ಮನೆಗೆ ಎರಡು ಮಹಡಿಗೆ ಪ್ಲಾನ್ ಆಗಿದೆ, ನಾಲ್ಕು ಮಹಡಿ ಎದ್ದಿದೆ, ಮೇಲಿನ ಎರಡರಲ್ಲಿ ಪಿಜಿ ಇದೆ. ಪಿಜಿ ಹುಡುಗರಿಗೆ ಸಭೆಯ ವಿಷಯ ಗೊತ್ತಿಲ್ಲ. ಗೊತ್ತಿದ್ದರೂ ಬಾಯಿ ಬಿಡುವ ಹಾಗಿಲ್ಲ, ಅಡ್ವಾನ್ಸ್ ಓನರ್ ಹತ್ತಿರ ಇದೆ.

ಇನ್ನು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳ ಕಥೆ. ಅಲ್ಲಿ ನಮ್ಮ ಕೇಂದ್ರ ಸರ್ಕಾರದ ಕರುಣೆ ಉಕ್ಕಿ ಹರಿದಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ನೋಡಿ. 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಸರಿ. ಆದರೆ ಸಾರ್ವಜನಿಕ ಅಹವಾಲು? ಕಟ್ಟಡ ಯೋಜನೆಗಳಿಗೂ ಟೌನ್‌ಶಿಪ್‌ಗಳಿಗೂ ಅದರಿಂದ ವಿನಾಯಿತಿ! ಗಣಿ ಬಂದರೆ ಜನರನ್ನು ಕೇಳಬೇಕು. ನಿಮ್ಮ ಬೀದಿಯ ಕೊನೆಯಲ್ಲಿ ಸಾವಿರಾರು ಫ್ಲ್ಯಾಟು ಎದ್ದು, ನಿಮ್ಮ ಬೋರ್‌ವೆಲ್ಲಿನ ನೀರನ್ನೂ ರಸ್ತೆಯನ್ನೂ ಹೀರಿಕೊಂಡರೆ ಕೇಳಬೇಕಾಗಿಲ್ಲ. ಪಾಪ, ಜನರಿಗೆ ಯಾಕೆ ತೊಂದರೆ ಅಂತ ಇರಬೇಕು.

ಮಾಸ್ಟರ್ ಪ್ಲಾನ್ ವಿಷಯಕ್ಕೆ ಬರೋಣ. ಬೆಂಗಳೂರಿಗೆ ಈಗಲೂ ಗತಿ 2007ರಲ್ಲಿ ಒಪ್ಪಿಗೆಯಾದ, 2015ರವರೆಗಿನ ಪ್ಲಾನು. ಇಸವಿ ನೋಡಿ ಗಾಬರಿಯಾಗಬೇಡಿ, ನಾವು ಸ್ವಲ್ಪ ನಿಧಾನ. ಮುಂದಿನದನ್ನು ಮಾಡಲಿಲ್ಲ ಅಂತಲ್ಲ. 2031ರ ಹೊತ್ತಿಗೆ ಊರಿನಲ್ಲಿ 2 ಕೋಟಿ ಜನ ಅಂತ ಲೆಕ್ಕ ಹಾಕಿ 2017ರ ನವೆಂಬರಿನಲ್ಲಿ ಕರಡು ಹೊರಡಿಸಿದರು. ಆಕ್ಷೇಪಣೆಗೆ 60 ದಿನ ಕೊಟ್ಟರು. ಬಂದದ್ದು 13,000ಕ್ಕೂ ಜಾಸ್ತಿ. ದಾಖಲೆ ಅಂತ ಬೆನ್ನು ತಟ್ಟಿಕೊಳ್ಳಬಹುದು. ಅವರದೇ 2 ಕೋಟಿಯಿಂದ ಭಾಗಿಸಿ ನೋಡಿ, ಸುಮಾರು 1,500 ಜನಕ್ಕೆ ಒಬ್ಬ. ಆ ಹದಿಮೂರು ಸಾವಿರದಲ್ಲಿ 'ನನಗೆ ಬಾಡಿಗೆ ಕಟ್ಟೋಕೆ ಆಗ್ತಿಲ್ಲ, ಮನೆ ಜಾಸ್ತಿ ಕಟ್ಟಿಸಿ' ಅಂತ ಬರೆದವರು ಎಷ್ಟು ಮಂದಿ ಇದ್ದಿರಬಹುದು? 2031ರಲ್ಲಿ ಕೆಲಸ ಹುಡುಕಿಕೊಂಡು ರಾಯಚೂರಿನಿಂದ ಬಸ್ಸು ಹತ್ತಬೇಕಾದ ಹುಡುಗ ಆಗ ಪ್ರೈಮರಿ ಸ್ಕೂಲಿನಲ್ಲಿದ್ದ. ಪ್ಲಾನು ಇದ್ದದ್ದೇ ಅವನಂಥವರಿಗೆ. ಅವನ ಆಕ್ಷೇಪಣೆ 60 ದಿನದೊಳಗೆ ತಲುಪಲಿಲ್ಲ. ಕಡೆಗೆ 2020ರಲ್ಲಿ ಸರ್ಕಾರ ಆ ಕರಡನ್ನೇ ವಾಪಸ್ ತೆಗೆದುಕೊಂಡಿತು, ಹದಿಮೂರು ಸಾವಿರ ಕಾಗದಗಳ ಸಮೇತ.

ಹಳ್ಳಿಯ ಪಂಚಾಯತಿಯನ್ನು ನೋಡಿ ಇವರು ಕಲಿಯಬೇಕು. ಗ್ರಾಮಸಭೆಗೆ ಕೋರಂ ಅಂತ ಇದೆ. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಸೇರಲೇಬೇಕು. ಹೆಂಗಸರು ಬಂದರಾ, ದಲಿತರು ಬಂದರಾ ಅಂತಲೂ ನೋಡಬೇಕು. ಅಲ್ಲೂ ಪುಸ್ತಕದಲ್ಲಿ ಸಹಿ ಹಾಕಿಸಿ ಸಭೆ ಮುಗಿಸುವ ಪಿಡಿಒಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೂ ಕಳ್ಳಸಹಿ ಹಾಕಿಸಬೇಕು ಅಂದರೆ ಮೊದಲು ನಿಯಮ ಇರಬೇಕಲ್ವಾ? ಆಶ್ರಯ ಮನೆ ಯಾರಿಗೆ ಕೊಡಬೇಕು ಅನ್ನಲು ನೂರು ಜನ ಬೇಕು. ಒಂದು ಕೋಟಿ ಜನರ ಊರು ಯಾವ ದಿಕ್ಕಿಗೆ ಬೆಳೆಯಬೇಕು ಅನ್ನಲು ಕೋರಂ ಇಲ್ಲ. ಕಾರ್ಪೊರೇಟರನ್ನು ಕೇಳೋಣ ಅಂದರೆ, 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾವಣೆ ಕೇಳಿದವರಿಗೆ 2025ರಲ್ಲಿ ಒಂದರ ಬದಲು ಐದು ಪಾಲಿಕೆ ಕೊಟ್ಟರು.

ಹೊಸ ಬಡಾವಣೆಗಳಿಗೆ ನಾವು ಇಡುವ ಹೆಸರುಗಳೂ ಸೊಗಸು. ಹದಿನೇಳು ಹಳ್ಳಿಗಳ 3,500ಕ್ಕೂ ಹೆಚ್ಚು ಎಕರೆ ಸೇರಿಸಿ ಶಿವರಾಮ ಕಾರಂತ ಬಡಾವಣೆ ಅಂತ 2008ರಲ್ಲಿ ಅಧಿಸೂಚನೆ ಹೊರಡಿಸಿದರು. ಅಂತಿಮ ಅಧಿಸೂಚನೆ ಬಂದದ್ದು 2018ರಲ್ಲಿ, ಅದೂ ಸುಪ್ರೀಂ ಕೋರ್ಟ್ ಗದರಿದ ಮೇಲೆ. ನಡುವಿನ ಹತ್ತು ವರ್ಷ ರೈತ ತನ್ನ ಹೊಲವನ್ನು ತನ್ನದು ಅನ್ನುವ ಹಾಗಿರಲಿಲ್ಲ, ಅಲ್ಲ ಅನ್ನುವ ಹಾಗೂ ಇರಲಿಲ್ಲ. ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ನಿಂತವರು. ಅವರು ಇದ್ದಿದ್ದರೆ ಈ ಬಡಾವಣೆಗೆ ಒಂದಾದರೂ ಓದಲು ಲಾಯಕ್ಕಾದ ಆಕ್ಷೇಪಣೆ ಬರುತ್ತಿತ್ತು.

ಈಗ ಬಿಡದಿ. 2006ರ ಸುಮಾರಿಗೆ ಹುಟ್ಟಿದ ಟೌನ್‌ಶಿಪ್ ಕನಸು 2025ರಲ್ಲಿ ಎದ್ದು ಕೂತಿದೆ. ಒಂಬತ್ತು ಹಳ್ಳಿ, 7,000ಕ್ಕೂ ಹೆಚ್ಚು ಎಕರೆ. ಭೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಬೇಡ ಅಂತ ಬೀದಿಗೆ ಬಂದರು. ಭೈರಮಂಗಲ ಕೆರೆ ಗೊತ್ತಲ್ಲ? ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆಯೆಲ್ಲ ಬಂದು ನಿಲ್ಲುವ ಕೆರೆ. ದಶಕಗಳಿಂದ ಆ ಜನ ನಮ್ಮ ಕಕ್ಕಸಿನ ನೀರನ್ನು ಸಹಿಸಿಕೊಂಡಿದ್ದಾರೆ. ಅದನ್ನು ಹರಿಸುವಾಗ ಯಾರೂ ಆಕ್ಷೇಪಣೆ ಕೇಳಲಿಲ್ಲ. ಈಗ ಉಳಿದ ಹೊಲವನ್ನೂ ಕೊಡಿ ಅನ್ನುವಾಗ ಮಾತ್ರ ನೋಟಿಸು, ಗಡುವು, ಸೀಲು, ಸ್ವೀಕೃತಿ. ಅವರು ಬರೆದದ್ದಕ್ಕೆಲ್ಲ ಒಂದೇ ಉತ್ತರ ಮೊದಲೇ ಟೈಪಾಗಿ ಕೂತಿರುತ್ತದೆ: 'ಪರಿಶೀಲಿಸಲಾಗಿ, ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ತಿರಸ್ಕರಿಸಲಾಗಿದೆ.' ಇದನ್ನು ನೋಡಿ ನಗು ಬರುವುದಿಲ್ಲ. ಸಿಟ್ಟು ಬರುತ್ತದೆ, ಆಮೇಲೆ ಸುಸ್ತಾಗುತ್ತದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತು. 2025ರ ಜುಲೈಯಲ್ಲಿ ಸರ್ಕಾರ ಕೈಬಿಟ್ಟಿತು. ಅದು ಕೈಗಾರಿಕೆಗೆ ಕೇಳಿದ ಜಮೀನು, ಇರಲಿ. ಆಕ್ಷೇಪಣೆಯ ಗಡುವು 30 ದಿನ, ಅದು ಕಿವಿಗೆ ಬೀಳಲು ಮೂರು ವರ್ಷ. ಯಾವ ರೈತ ಇಷ್ಟು ದಿನ ಹೊಲ ಬಿಟ್ಟು ಕೂರಲು ಸಾಧ್ಯ ಹೇಳಿ?

ಸರಿ ಅಧಿಕಾರಿಗಳೇ, ನೀವು ಕೇಳಿದ್ದು ಆಕ್ಷೇಪಣೆ, ನಾನು ಜೊತೆಗೆ ಸಲಹೆಯನ್ನೂ ಕೊಡುತ್ತೇನೆ. ನೋಟಿಸನ್ನು ಕರೆಂಟ್ ಬಿಲ್ಲಿನ ಹಿಂದೆ ಮುದ್ರಿಸಿ. ಬಾಡಿಗೆಯವನಿಗೆ ಸರ್ಕಾರದ ಯಾವ ಕಾಗದ ತಪ್ಪಿದರೂ ಅದೊಂದು ತಪ್ಪುವುದಿಲ್ಲ. ಮೀಟರ್ ನಂಬರುಗಳ ಪಟ್ಟಿಯಿಂದ ಚೀಟಿ ಎತ್ತಿ ಐನೂರು ಜನರನ್ನು ಆರಿಸಿ, ಓನರು, ಬಾಡಿಗೆಯವರು, ವಠಾರದವರು ಎಲ್ಲ ಸಿಗುತ್ತಾರೆ. ಮೀಟರೇ ಇಲ್ಲದ ಶೆಡ್ಡಿನವರನ್ನು ಬೇರೆಯಾಗಿ ಕರೆಯಿರಿ. ಹೊಲ ಹೋಗುವವರು ಮುಂದಿನ ಸಾಲಿನಲ್ಲಿ ಕೂರಲಿ. ಭಾನುವಾರ ಇಟ್ಟುಕೊಳ್ಳಿ, ಒಂದು ದಿನದ ಕೂಲಿ ಕೊಡಿ. ಅಷ್ಟು ಜನರನ್ನು ಕರೆತರುವುದು ಕಷ್ಟ ಅನ್ನಬೇಡಿ. ಪಕ್ಷದ ಸಮಾವೇಶಕ್ಕೆ ಬಸ್ಸು, ನೀರಿನ ಬಾಟಲು, ಊಟದ ಪೊಟ್ಟಣ ಕೊಟ್ಟು ಲಕ್ಷ ಜನರನ್ನು ಸೇರಿಸುವ ಗುತ್ತಿಗೆದಾರರು ನಿಮ್ಮ ಫೋನಿನಲ್ಲೇ ಇದ್ದಾರೆ. ಅವರಿಗೇ ಹೇಳಿ. ಪೊಟ್ಟಣದಲ್ಲಿ ಮೊಸರನ್ನ ಮಾತ್ರ ಬೇಡ. ಮಧ್ಯಾಹ್ನ ಕರಡು ಓದಿ ಹೇಳುವ ಹೊತ್ತಿಗೆ ಎಲ್ಲರೂ ಎಚ್ಚರವಾಗಿರಬೇಕು, ವೇದಿಕೆ ಮೇಲಿನವರೂ ಸೇರಿ.