ಪ್ರಮಾಣವಚನಕ್ಕೆ ಮೊದಲೇ ಕೇಳಬೇಕಾದ ಲೆಕ್ಕ

‘ಮೊದಲೇ ಕೈತುಂಬ ದುಡ್ಡಿರೋರು, ಅವರು ಯಾಕ್ರೀ ತಿಂತಾರೆ?’

ಟ್ರಂಪ್ ವಿಷಯ ಬಂದಾಗಲೆಲ್ಲ ಗೆಳೆಯರಲ್ಲಿ ಒಬ್ಬರಾದರೂ ಈ ಮಾತು ಹೇಳುತ್ತಾರೆ. ನಮ್ಮ ಕಡೆ ಚುನಾವಣೆಗೆ ನಿಲ್ಲುವ ಉದ್ಯಮಿಗಳ ಬಗ್ಗೆಯೂ ಇದೇ ಮಾತು ಕೇಳುತ್ತೇವೆ. ನನಗೆ ಇದು ಪೂರ್ತಿ ಉಲ್ಟಾ ಅನ್ನಿಸುತ್ತದೆ. ದುಡ್ಡು ಜಾಸ್ತಿ ಇದ್ದಷ್ಟೂ ಅದು ಜಾಸ್ತಿ ಕಡೆ ಹರಡಿರುತ್ತದೆ. ಸರ್ಕಾರ ತೆರಿಗೆ ಏರಿಸಲಿ, ಇಳಿಸಲಿ, ಯಾವುದೋ ದೇಶದ ಜೊತೆ ಒಪ್ಪಂದ ಮಾಡಿಕೊಳ್ಳಲಿ, ಅದರಲ್ಲೆಲ್ಲೋ ಆ ಮನುಷ್ಯನ ಲಾಭನಷ್ಟವೂ ಸೇರಿರುತ್ತದೆ. ಇದಕ್ಕೆ ಲಂಚವೇ ಆಗಬೇಕೆಂದಿಲ್ಲ. ಹಿತಾಸಕ್ತಿ ಸಂಘರ್ಷ ಅಂದರೆ ಇಷ್ಟೇ: ತೀರ್ಮಾನ ಕೊಡುವವನಿಗೆ ಆ ತೀರ್ಮಾನದಲ್ಲಿ ಪಾಲಿರುವುದು.

ಇದನ್ನು ತಡೆಯಲು ಅಮೆರಿಕದಲ್ಲಿ ಒಂದು ಒಳ್ಳೆಯ ಅವಕಾಶ ಇದೆ. ಅಲ್ಲಿ ಚುನಾವಣೆ ನವೆಂಬರ್ ಆರಂಭದಲ್ಲಿ, ಪ್ರಮಾಣವಚನ ಜನವರಿ 20ಕ್ಕೆ. ನಡುವೆ ಸುಮಾರು 11 ವಾರ. ನಮ್ಮಲ್ಲಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಹೊಸ ಸರ್ಕಾರ ಕೂತಿರುತ್ತದೆ. ಅಲ್ಲಿ ಹಾಗಲ್ಲ. ಹೊಸ ಅಧ್ಯಕ್ಷರು ಸುಮಾರು 4,000 ಹುದ್ದೆಗಳಿಗೆ ತಮ್ಮವರನ್ನು ಹುಡುಕಬೇಕು. ಅದರಲ್ಲಿ 1,200ಕ್ಕೂ ಹೆಚ್ಚು ಹುದ್ದೆಗಳಿಗೆ ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯ ಒಪ್ಪಿಗೆ ಬೇಕು. ನನ್ನ ಅಭಿಪ್ರಾಯದಲ್ಲಿ ಲೆಕ್ಕ ಕೇಳಲು ಈ 11 ವಾರಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ. ಕುರ್ಚಿಯಲ್ಲಿ ಕೂತ ಮೇಲೆ ‘ಎದ್ದು ಅದನ್ನು ಮಾರಿ ಬನ್ನಿ’ ಅಂತ ಯಾರೂ ಹೇಳಲಾರರು. ಹೇಳಿದರೂ ಅವರು ಕೇಳಬೇಕಲ್ಲ.

ಈ ಕೆಲಸಕ್ಕೇ ಅಲ್ಲೊಂದು ಪುಟ್ಟ ಕಚೇರಿ ಇದೆ. ವಾಟರ್‌ಗೇಟ್ ಹಗರಣದ ನಂತರ 1978ರಲ್ಲಿ ತಂದ ಕಾನೂನಿನಿಂದ ಹುಟ್ಟಿದ್ದು. ಹೆಸರು ಆಫೀಸ್ ಆಫ್ ಗವರ್ನಮೆಂಟ್ ಎಥಿಕ್ಸ್. ಇಡೀ ಅಮೆರಿಕ ಸರ್ಕಾರಕ್ಕೆ ಇದರಲ್ಲಿರುವುದು ಸುಮಾರು 70 ಜನ. ಮಂತ್ರಿಯಾಗಬೇಕಾದವರು ತಮ್ಮ ಷೇರು, ಸಾಲ, ಹೆಂಡತಿ ಅಥವಾ ಗಂಡನ ಸಂಪಾದನೆ, ಯಾವ ಕಂಪನಿಯಿಂದ ಏನು ಬಂತು, ಎಲ್ಲವನ್ನೂ ಒಂದು ಫಾರ್ಮ್‌ನಲ್ಲಿ ಬರೆದುಕೊಡಬೇಕು. ಇವರು ಕೂತು ಒಂದೊಂದು ಸಾಲನ್ನೂ ನೋಡುತ್ತಾರೆ. ಇದು ಇಟ್ಟುಕೊಳ್ಳಬಹುದು, ಇದನ್ನು ಮಾರಲೇಬೇಕು, ಈ ವಿಷಯದ ಫೈಲನ್ನು ನೀವು ಮುಟ್ಟುವಂತಿಲ್ಲ ಅಂತ ಗೊತ್ತುಮಾಡುತ್ತಾರೆ. ಕೊನೆಗೆ ಅಭ್ಯರ್ಥಿ ಸಹಿ ಹಾಕಿದ ಒಪ್ಪಂದ ಪತ್ರ ಸೆನೆಟ್‌ಗೆ ಹೋಗುತ್ತದೆ. ಜನರೂ ಅದನ್ನು ಓದಬಹುದು.

ಇದು ಸುಮ್ನೆ ಕಾಗದದ ಕೆಲಸ ಅಂದುಕೊಳ್ಳಬೇಡಿ. ರೆಕ್ಸ್ ಟಿಲ್ಲರ್‌ಸನ್ ನೆನಪಿರಬಹುದು. ಎಕ್ಸಾನ್‌ಮೊಬಿಲ್ ತೈಲ ಕಂಪನಿಯ ಮುಖ್ಯಸ್ಥರಾಗಿದ್ದವರು, 2017ರಲ್ಲಿ ಟ್ರಂಪ್ ಅವರ ವಿದೇಶಾಂಗ ಮಂತ್ರಿಯಾದರು. ಅವರಿಗೆ ಕಂಪನಿಯಿಂದ ಮುಂದೆ ಬರಬೇಕಾಗಿದ್ದ ಷೇರುಗಳೇ 20 ಲಕ್ಷಕ್ಕೂ ಹೆಚ್ಚು. ಅವನ್ನೆಲ್ಲ ರದ್ದು ಮಾಡಿ, ಸುಮಾರು 18 ಕೋಟಿ ಡಾಲರನ್ನು ಬೇರೆಯವರು ನೋಡಿಕೊಳ್ಳುವ ಟ್ರಸ್ಟಿಗೆ ಹಾಕುವುದು ಅಂತ ಒಪ್ಪಂದವಾಯಿತು. ಇಷ್ಟೇ ಅಲ್ಲ. ಮುಂದಿನ 10 ವರ್ಷದೊಳಗೆ ಅವರು ಮತ್ತೆ ತೈಲ ಉದ್ಯಮದ ಕೆಲಸಕ್ಕೆ ಸೇರಿದರೆ ಉಳಿದ ಹಣ ಅವರ ಕೈತಪ್ಪಿ ಧರ್ಮಕಾರ್ಯಕ್ಕೆ ಹೋಗಬೇಕು ಅಂತಲೂ ಬರೆದರು. ಇದನ್ನು ಓದಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು. ಅವರ ರಾಜಕೀಯ ನನಗೆ ಹಿಡಿಸದೆ ಇರಬಹುದು. ಆದರೆ ಹಳೆಯ ಕಂಪನಿಯ ನಂಟನ್ನು ಕಡಿದುಕೊಂಡ ರೀತಿ ಸರಿಯಾಗಿತ್ತು.

ನಂಟು ಕಡಿದುಕೊಳ್ಳಲು ಆಗದವರು ಹಿಂದೆ ಸರಿದದ್ದೂ ಇದೆ. ಸೇನಾ ಕಾರ್ಯದರ್ಶಿ ಹುದ್ದೆಗೆ ಹೆಸರಿಸಿದ್ದ ಉದ್ಯಮಿ ವಿನ್ಸೆಂಟ್ ವಯೋಲಾ ತಮ್ಮ ವ್ಯವಹಾರಗಳಿಂದ ಬಿಡಿಸಿಕೊಳ್ಳುವುದು ಕಷ್ಟ ಅಂತ 2017ರ ಫೆಬ್ರವರಿಯಲ್ಲಿ ಬೇಡ ಅಂದರು. ಇನ್ನೊಂದು ಪಕ್ಷದವರಿಗೂ ಇದೇ ನಿಯಮ. ಬೈಡನ್ ಅವರ ಹಣಕಾಸು ಮಂತ್ರಿ ಜಾನೆಟ್ ಯೆಲೆನ್ ಎರಡು ವರ್ಷದಲ್ಲಿ ಭಾಷಣಗಳಿಂದಲೇ 70 ಲಕ್ಷ ಡಾಲರ್‌ಗೂ ಹೆಚ್ಚು ಗಳಿಸಿದ್ದರು. ಕೊಟ್ಟವರಲ್ಲಿ ವಾಲ್ ಸ್ಟ್ರೀಟ್ ಕಂಪನಿಗಳೂ ಇದ್ದವು. ಸೆನೆಟ್ ವಿಚಾರಣೆಗೆ ಮೊದಲೇ ಆ ಪಟ್ಟಿ ಹೊರಗೆ ಬಂತು. ಬಂದದ್ದರಿಂದಲೇ ಪತ್ರಕರ್ತರು ಕೇಳಿದರು, ಜನ ಬೈದರು. ಅದು ಆಗಬೇಕಾದದ್ದೇ.

ಹಾಗಾದರೆ ತೊಂದರೆ ಎಲ್ಲಿ? ತುದಿಯಲ್ಲಿ. ಈ ಹಿತಾಸಕ್ತಿ ಸಂಘರ್ಷದ ಕ್ರಿಮಿನಲ್ ಕಾನೂನು ಮಂತ್ರಿಗೆ ಅನ್ವಯಿಸುತ್ತದೆ, ಗುಮಾಸ್ತನಿಗೂ ಅನ್ವಯಿಸುತ್ತದೆ. ಅಧ್ಯಕ್ಷ, ಉಪಾಧ್ಯಕ್ಷರಿಗೆ ಮಾತ್ರ ಇಲ್ಲ. ಅದಕ್ಕೆ ಕೊಡುವ ಕಾರಣವನ್ನು ಸ್ವಲ್ಪ ಗಮನಿಸಿ. ಮಂತ್ರಿಯಾದರೆ ಒಂದು ಫೈಲಿನಿಂದ ದೂರ ಉಳಿಯಬಹುದು. ಅಧ್ಯಕ್ಷರ ಮುಂದೆ ಎಲ್ಲ ವಿಷಯವೂ ಬರುತ್ತದೆ, ಅವರು ಯಾವುದರಿಂದ ದೂರ ಉಳಿಯುತ್ತಾರೆ? ಈ ಮಾತು ನಿಜ. ಆದರೆ ನನ್ನ ಪ್ರಕಾರ ಇದರಿಂದ ಹೊರಡುವ ತೀರ್ಮಾನವೇ ಬೇರೆ. ದೂರ ಉಳಿಯಲು ಆಗದವರಿಗೆ ಇರುವುದು ಒಂದೇ ದಾರಿ, ಮಾರುವುದು. ಎಲ್ಲರಿಗಿಂತ ಜಾಸ್ತಿ ಅಧಿಕಾರ ಇರುವವರಿಗೆ ಎಲ್ಲರಿಗಿಂತ ಕಡಿಮೆ ನಿಯಮ ಅಂದರೆ ಏನರ್ಥ?

ನಮಗೆ ಈ ‘ಹಿತಾಸಕ್ತಿ ಸಂಘರ್ಷ’ ಅನ್ನುವ ಮಾತು ಜಾಸ್ತಿ ಪರಿಚಯವಾದದ್ದು ಕ್ರಿಕೆಟ್‌ನಿಂದ. 2019ರಲ್ಲಿ ನಮ್ಮ ರಾಹುಲ್ ದ್ರಾವಿಡ್ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಜವಾಬ್ದಾರಿ ವಹಿಸಿಕೊಂಡಾಗ ಅವರಿಗೂ ನೋಟಿಸ್ ಬಂತು. ಐಪಿಎಲ್‌ನ ಚೆನ್ನೈ ಸೂಪರ್ ಕಿಂಗ್ಸ್ ತಂಡದ ಜೊತೆ ನಂಟಿರುವ ಇಂಡಿಯಾ ಸಿಮೆಂಟ್ಸ್ ಕಂಪನಿಯಲ್ಲಿ ಹುದ್ದೆ ಇದೆ ಅಂತ ದೂರು. ಅವರು ರಜೆ ಹಾಕಿದ್ದರು, ಆದರೂ ಹೋಗಿ ಉತ್ತರ ಕೊಟ್ಟರು. ಕೊನೆಗೆ ದೂರು ವಜಾ ಆಯಿತು. ದ್ರಾವಿಡ್ ಅವರನ್ನೂ ಕೇಳಿದರಲ್ಲ ಅಂತ ನಮ್ಮಲ್ಲಿ ಎಷ್ಟೋ ಜನರಿಗೆ ಬೇಜಾರಾಯಿತು. ನನಗೆ ಮಾತ್ರ ಕೇಳಿದ್ದೇ ಸರಿ ಅನ್ನಿಸಿತ್ತು. ಒಬ್ಬ ಕ್ರಿಕೆಟ್ ಗುರುವನ್ನು ಕೇಳಬಹುದಾದ ಪ್ರಶ್ನೆಯನ್ನು ಅಮೆರಿಕದ ಅಧ್ಯಕ್ಷರಿಗೆ ಕೇಳುವ ಕಾನೂನು ಇಲ್ಲ.

ಕಾನೂನು ಇಲ್ಲದಿದ್ದರೂ ಮೊದಲು ರೂಢಿ ಇತ್ತು. ಜಿಮ್ಮಿ ಕಾರ್ಟರ್ ತಮ್ಮ ಕಡಲೆಕಾಯಿ ವ್ಯಾಪಾರವನ್ನು ಟ್ರಸ್ಟಿಗೆ ಒಪ್ಪಿಸಿ ಬಂದರು. ಆದರೂ ಕಡಲೆಕಾಯಿ ಗೋದಾಮಿನ ಸಾಲದ ಬಗ್ಗೆ ಅನುಮಾನ ಎದ್ದಾಗ 1979ರಲ್ಲಿ ವಿಶೇಷ ತನಿಖೆಯೇ ನಡೆಯಿತು. ತಪ್ಪು ಸಿಗಲಿಲ್ಲ. ಒಬಾಮಾ ಅವರ ಹಣ ಹೆಚ್ಚಾಗಿ ಇದ್ದದ್ದು ಸರ್ಕಾರಿ ಬಾಂಡ್‌ಗಳಲ್ಲಿ, ಯಾವ ಒಂದು ಕಂಪನಿಗೂ ಅಂಟಿಕೊಳ್ಳದ ಇಂಡೆಕ್ಸ್ ಫಂಡ್‌ಗಳಲ್ಲಿ. ಯಾರೂ ಬಲವಂತ ಮಾಡಿರಲಿಲ್ಲ.

2016ರ ನವೆಂಬರ್‌ನಲ್ಲಿ ಆ ರೂಢಿ ಮುರಿಯಿತು. ಫಲಿತಾಂಶ ಬಂದು ಒಂದು ವಾರ ಆಗಿತ್ತು. ಪುಣೆಯಲ್ಲಿ ಟ್ರಂಪ್ ಹೆಸರಿನ ಅಪಾರ್ಟ್‌ಮೆಂಟ್ ಗೋಪುರ ಕಟ್ಟಿದ ನಮ್ಮ ದೇಶದ ಬಿಲ್ಡರ್‌ಗಳು ನ್ಯೂಯಾರ್ಕಿನ ಟ್ರಂಪ್ ಟವರ್‌ಗೆ ಹೋಗಿ ಟ್ರಂಪ್ ಅವರನ್ನು ಭೇಟಿಯಾದರು. ಹೆಬ್ಬೆರಳು ಎತ್ತಿ ನಗುತ್ತಿರುವ ಫೋಟೋ ಹೊರಗೆ ಬಂತು. ಮಕ್ಕಳ ಜೊತೆಗಿನ ಫೋಟೋಗಳೂ ಬಂದವು. ಅದಾದ ಎರಡೇ ದಿನಕ್ಕೆ ಜಪಾನ್ ಪ್ರಧಾನಿ ಶಿಂಜೊ ಅಬೆ ಅದೇ ಟ್ರಂಪ್ ಟವರ್‌ಗೆ ಬಂದಾಗ ಕೋಣೆಯಲ್ಲಿ ಮಗಳು ಇವಾಂಕಾ ಕೂಡ ಇದ್ದರು. ಒಂದೇ ಕಟ್ಟಡ, ಒಂದೇ ಕುಟುಂಬ, ಒಂದು ದಿನ ವ್ಯಾಪಾರದ ಪಾಲುದಾರರು, ಇನ್ನೊಂದು ದಿನ ಒಂದು ದೇಶದ ಪ್ರಧಾನಿ. ವಾಷಿಂಗ್ಟನ್‌ನ ಟ್ರಂಪ್ ಹೋಟೆಲ್‌ನಲ್ಲಿ ಡಿಸೆಂಬರ್‌ನಲ್ಲೇ ಬಹ್ರೇನ್ ತನ್ನ ರಾಷ್ಟ್ರೀಯ ದಿನದ ಔತಣ ಇಟ್ಟುಕೊಂಡಿತು.

ಆ ಹೋಟೆಲ್‌ನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಹಳೆಯ ಅಂಚೆ ಕಚೇರಿ ಕಟ್ಟಡ. ಸರ್ಕಾರದ ಆಸ್ತಿ. ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್, ಅಂದರೆ ಜಿಎಸ್‌ಎ ಅನ್ನುವ ಇಲಾಖೆ 2013ರಲ್ಲಿ ಅದನ್ನು 60 ವರ್ಷಕ್ಕೆ ಟ್ರಂಪ್ ಕಂಪನಿಗೆ ಲೀಸ್ ಕೊಟ್ಟಿತ್ತು. ಚುನಾಯಿತ ಪ್ರತಿನಿಧಿಗಳಿಗೆ ಈ ಲೀಸ್‌ನಲ್ಲಿ ಯಾವ ಪಾಲೂ ಇರಕೂಡದು ಅಂತ ಕರಾರಿನಲ್ಲೇ ಬರೆದಿತ್ತು. ಈಗ ನೋಡಿ, ಅಧಿಕಾರ ಹಸ್ತಾಂತರಕ್ಕೆ ಕಚೇರಿ, ಕಂಪ್ಯೂಟರ್, ಹಣ ಕೊಡುವ ಇಲಾಖೆಯೂ ಇದೇ ಜಿಎಸ್‌ಎ. ಅದರ ಮುಖ್ಯಸ್ಥರನ್ನು ನೇಮಿಸುವವರು ಅಧ್ಯಕ್ಷರು. ಹಾಗಾಗಿ ಮನೆ ಮಾಲೀಕನ ಮೇಲಧಿಕಾರಿಯೇ ಬಾಡಿಗೆದಾರ ಆದಂತಾಯಿತು. 2017ರ ಮಾರ್ಚ್‌ನಲ್ಲಿ ಜಿಎಸ್‌ಎ ಕರಾರು ಮುರಿದಿಲ್ಲ ಅಂದಿತು. ಅದೇ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2019ರ ಜನವರಿಯಲ್ಲಿ ವರದಿ ಕೊಟ್ಟು, ವಿದೇಶಿ ಸರ್ಕಾರಗಳಿಂದ ಲಾಭ ಪಡೆಯಬಾರದೆಂಬ ಸಂವಿಧಾನದ ಪ್ರಶ್ನೆಯನ್ನು ಇಲಾಖೆಯ ವಕೀಲರು ಕಡೆಗಣಿಸಿದರು ಅಂತ ಹೇಳಿದರು. ಕೋರ್ಟಿಗೆ ಹೋದ ಕೇಸುಗಳ ಗತಿ ಏನಾಯಿತು ಗೊತ್ತಾ? ವರ್ಷಗಟ್ಟಲೆ ಎಳೆದವು. ಟ್ರಂಪ್ ಅಧಿಕಾರದಿಂದ ಇಳಿದ ಮೇಲೆ, 2021ರ ಜನವರಿಯಲ್ಲಿ, ಇನ್ನು ಇದರಲ್ಲಿ ತೀರ್ಮಾನಿಸುವುದೇನೂ ಉಳಿದಿಲ್ಲ ಅಂತ ಸುಪ್ರೀಂ ಕೋರ್ಟ್ ಮುಗಿಸಿತು. ನಾಲ್ಕು ವರ್ಷದಲ್ಲಿ ಆಗದ ಕೆಲಸ ಆ 11 ವಾರದಲ್ಲಿ ಆಗಬೇಕಿತ್ತು ಅಂತ ನಾನು ಹೇಳುವುದು ಇದಕ್ಕೇ.

ಆಗ ಒಬ್ಬರು ಬಾಯಿಬಿಟ್ಟು ಹೇಳಿದರು. ಎಥಿಕ್ಸ್ ಕಚೇರಿಯ ನಿರ್ದೇಶಕ ವಾಲ್ಟರ್ ಶಾಬ್. 2017ರ ಜನವರಿ 11ರಂದು ಟ್ರಂಪ್ ಪತ್ರಿಕಾಗೋಷ್ಠಿ ಮಾಡಿದರು. ಮೇಜಿನ ಮೇಲೆ ಫೈಲುಗಳ ರಾಶಿ. ವ್ಯವಹಾರವನ್ನು ಗಂಡುಮಕ್ಕಳಿಬ್ಬರ ಕೈಗೆ ಕೊಡುತ್ತೇನೆ, ಇವು ಅದರ ಕಾಗದ ಪತ್ರ ಅಂದರು. ಪತ್ರಕರ್ತರಿಗೆ ಆ ಫೈಲುಗಳನ್ನು ತೆರೆದು ನೋಡಲು ಬಿಡಲಿಲ್ಲ. ಒಡೆತನ ಮಾತ್ರ ಟ್ರಂಪ್ ಅವರದ್ದೇ. ಅದೇ ದಿನ ಸಂಜೆಯ ಹೊತ್ತಿಗೆ ಶಾಬ್ ಸಾರ್ವಜನಿಕ ಸಭೆಯಲ್ಲಿ ನಿಂತು, ಈ ಯೋಜನೆ ಸಾಲದು, 40 ವರ್ಷದಿಂದ ಅಧ್ಯಕ್ಷರು ಪಾಲಿಸಿಕೊಂಡು ಬಂದ ಮಟ್ಟಕ್ಕೆ ಇದು ಬರುವುದಿಲ್ಲ ಅಂದರು. ಅಧ್ಯಕ್ಷರಾಗಲು ಆಸ್ತಿ ಮಾರುವುದು ಬಹಳ ದೊಡ್ಡ ಬೆಲೆಯೇನೂ ಅಲ್ಲ ಅಂತಲೂ ಹೇಳಿದರು. ಇನ್ನು ಒಂಬತ್ತು ದಿನಕ್ಕೆ ತನ್ನ ಮೇಲಧಿಕಾರಿ ಆಗುವವರ ಬಗ್ಗೆ ಒಬ್ಬ ಸರ್ಕಾರಿ ಅಧಿಕಾರಿ ಹೀಗೆ ಮಾತಾಡುವುದಕ್ಕೆ ಎಷ್ಟು ಧೈರ್ಯ ಬೇಕು, ಯೋಚನೆ ಮಾಡಿ.

ಮರುದಿನ ಏನಾಯಿತು? ಸಂಸತ್ತಿನ ಮೇಲ್ವಿಚಾರಣಾ ಸಮಿತಿಯ ಅಧ್ಯಕ್ಷ ಜೇಸನ್ ಚಾಫೆಟ್ಜ್ ಪತ್ರ ಬರೆದು ವಿಚಾರಣೆಗೆ ಕರೆದರು. ಕರೆದದ್ದು ಶಾಬ್ ಅವರನ್ನು! ಈ ಘಟನೆ ಓದಿದಾಗ ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಕಳ್ಳತನ ಆಗಬಹುದು ಅಂತ ಕೂಗಿದ ಕಾವಲುಗಾರನನ್ನೇ ಠಾಣೆಗೆ ಕರೆದರೆ ಇನ್ಯಾರು ಕೂಗುತ್ತಾರೆ? ಅದೇ ತಿಂಗಳು ಕೆಲವರ ಎಥಿಕ್ಸ್ ಕಾಗದ ಮುಗಿಯುವ ಮೊದಲೇ ಸೆನೆಟ್ ವಿಚಾರಣೆ ಇಟ್ಟರು. ಶಿಕ್ಷಣ ಮಂತ್ರಿಯಾದ ಬೆಟ್ಸಿ ಡಿವೋಸ್ ಅವರ ವಿಚಾರಣೆ ಜನವರಿ 17ಕ್ಕೆ ನಡೆಯಿತು, ಒಪ್ಪಂದ ಪತ್ರ ಹೊರಬಂದದ್ದು ಆಮೇಲೆ. ಜುಲೈನಲ್ಲಿ ಶಾಬ್ ರಾಜೀನಾಮೆ ಕೊಟ್ಟರು.

2024ರಲ್ಲಿ ಪರಿಸ್ಥಿತಿ ಇನ್ನೂ ಸಡಿಲವಾಯಿತು. ಜಿಎಸ್‌ಎ ಜೊತೆ ಸಹಿ ಹಾಕಿದರೆ ಹಸ್ತಾಂತರಕ್ಕೆ ಸರ್ಕಾರದ ಹಣ ಸಿಗುತ್ತದೆ. ಅದರ ಬದಲು ಒಬ್ಬರಿಂದ 5,000 ಡಾಲರ್‌ಗಿಂತ ಜಾಸ್ತಿ ದೇಣಿಗೆ ತಗೊಳ್ಳುವಂತಿಲ್ಲ, ಕೊಟ್ಟವರ ಹೆಸರು ಹೇಳಬೇಕು. ಟ್ರಂಪ್ ತಂಡ ಸಹಿಯನ್ನೇ ಹಾಕಲಿಲ್ಲ. ಖಾಸಗಿ ಹಣದಲ್ಲೇ ನಡೆಸಿತು. ಚುನಾಯಿತ ಅಧ್ಯಕ್ಷರ ಸ್ವಂತ ಹಿತಾಸಕ್ತಿಯ ಬಗ್ಗೆ ಏನು ಮಾಡುತ್ತೀರಿ ಅಂತ ತಿಳಿಸುವ ಯೋಜನೆಯನ್ನು ಪ್ರಕಟಿಸಬೇಕು ಅಂತ ಕಾನೂನು ಬಂದಿತ್ತು. ಅದಕ್ಕೆ 2020ರಲ್ಲಿ ಸಹಿ ಹಾಕಿದವರು ಟ್ರಂಪ್ ಅವರೇ. 2024ರಲ್ಲಿ ಅವರ ತಂಡ ಹೊರತಂದ ಯೋಜನೆಯಲ್ಲಿ ಆ ಭಾಗವೇ ಇರಲಿಲ್ಲ.

ಇದೇ 11 ವಾರದಲ್ಲಿ ಇಲಾನ್ ಮಸ್ಕ್ ಅವರನ್ನು ನೋಡಿ. ಚುನಾವಣೆಗೆ 25 ಕೋಟಿ ಡಾಲರ್‌ಗೂ ಹೆಚ್ಚು ಸುರಿದವರು. ಅವರ ಸ್ಪೇಸ್‌ಎಕ್ಸ್‌ಗೆ ನಾಸಾ, ರಕ್ಷಣಾ ಇಲಾಖೆಯ ದೊಡ್ಡ ದೊಡ್ಡ ಗುತ್ತಿಗೆಗಳಿವೆ. ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಅಭಿನಂದನೆಗೆ ಫೋನ್ ಮಾಡಿದಾಗ ಮಸ್ಕ್ ಕೂಡ ಆ ಕರೆಯಲ್ಲಿ ಮಾತಾಡಿದರು. ಆಗ ಅವರು ಮಂತ್ರಿಯೂ ಅಲ್ಲ, ಸರ್ಕಾರಿ ನೌಕರರೂ ಅಲ್ಲ. ಹಾಗಾಗಿ ನೌಕರರ ಕಾನೂನು ಅವರನ್ನು ಮುಟ್ಟುವುದಿಲ್ಲ. ಹಸ್ತಾಂತರದ ಕಾಲದ ದೊಡ್ಡ ತೂತು ಇದೇ. ಸರ್ಕಾರದ ಒಳಗಿನ ಮಾತೆಲ್ಲ ಕಿವಿಗೆ ಬೀಳುತ್ತದೆ, ಸರ್ಕಾರದ ನಿಯಮ ಮಾತ್ರ ತಾಗುವುದಿಲ್ಲ.

ಪ್ರಮಾಣವಚನಕ್ಕೆ ಮೂರು ದಿನ ಇರುವಾಗ, 2025ರ ಜನವರಿ 17ರಂದು, ಟ್ರಂಪ್ ಹೆಸರಿನ ಕ್ರಿಪ್ಟೋ ನಾಣ್ಯ ಮಾರುಕಟ್ಟೆಗೆ ಬಂತು. ಶೇ 80ರಷ್ಟು ಪಾಲು ಅವರಿಗೆ ಸಂಬಂಧಿಸಿದ ಸಂಸ್ಥೆಗಳದ್ದು. ಹೋಟೆಲ್ ಆದರೆ ಯಾರು ಬಂದು ಉಳಿದರು ಅಂತ ಹೊರಗಿನಿಂದಲಾದರೂ ಕಾಣುತ್ತದೆ. ಕ್ರಿಪ್ಟೋ ಖಾತೆಯ ಹಿಂದೆ ಯಾರಿದ್ದಾರೆ ಅಂತ ನೋಡುವುದು ಹೇಗೆ? ಮೇ ತಿಂಗಳಲ್ಲಿ ಆ ನಾಣ್ಯ ಜಾಸ್ತಿ ಕೊಂಡ 220 ಜನರಿಗೆ ಅಧ್ಯಕ್ಷರ ಜೊತೆ ಊಟವೂ ಆಯಿತು. ಎಥಿಕ್ಸ್ ಕಚೇರಿಗೆ 2024ರ ಡಿಸೆಂಬರ್‌ನಲ್ಲಷ್ಟೇ ಬಂದಿದ್ದ ನಿರ್ದೇಶಕ ಡೇವಿಡ್ ಹ್ಯುಟೆಮಾ ಅವರದ್ದು ಐದು ವರ್ಷದ ಅವಧಿ. 2025ರ ಫೆಬ್ರವರಿ 10ಕ್ಕೆ ಅವರನ್ನು ತೆಗೆದುಹಾಕಿದರು.

‘ಜನರಿಗೆ ಎಲ್ಲ ಗೊತ್ತಿದ್ದೇ ಓಟು ಹಾಕಿದ್ದಾರೆ, ನಿಮ್ಮದೇನು?’ ಅಂತ ಕೇಳುವವರಿದ್ದಾರೆ. ಓಟು ಹಾಕಿದ್ದು ಆಳಲಿ ಅಂತ. ಯಾವ ದೇಶದಿಂದ ಎಷ್ಟು ದುಡ್ಡು ಬಂತು ಅಂತ ಜನರಿಗೆ ಓಟಿನ ದಿನ ತೋರಿಸಿರಲಿಲ್ಲವಲ್ಲ. ಮೊದಲ ಅವಧಿಯಲ್ಲಿ ಟ್ರಂಪ್ ಅವರ ನಾಲ್ಕು ಆಸ್ತಿಗಳಿಗೆ 20 ದೇಶಗಳಿಂದ ಕನಿಷ್ಠ 78 ಲಕ್ಷ ಡಾಲರ್ ಬಂದಿತ್ತು ಅಂತ ಸಂಸತ್ತಿನ ಡೆಮಾಕ್ರಟಿಕ್ ಸದಸ್ಯರ ವರದಿ ಹೇಳಿದ್ದು 2024ರ ಜನವರಿಯಲ್ಲಿ. ಅವರು ಇಳಿದು ಮೂರು ವರ್ಷ ಆಗಿತ್ತು.

ಅಧ್ಯಕ್ಷರೂ ಮಾರಲೇಬೇಕು ಅನ್ನುವ ಮಸೂದೆಯನ್ನು ಸೆನೆಟರ್ ಎಲಿಜಬೆತ್ ವಾರನ್ 2017ರಲ್ಲೇ ತಂದಿದ್ದರು. ಪಾಸಾಗಲಿಲ್ಲ. ಅದು ಆಗಲೇಬೇಕು, ಎಥಿಕ್ಸ್ ನಿರ್ದೇಶಕರನ್ನು ಕಾರಣವಿಲ್ಲದೆ ತೆಗೆಯಲು ಆಗಬಾರದು, ಹಸ್ತಾಂತರಕ್ಕೆ ದುಡ್ಡು ಕೊಟ್ಟವರ ಹೆಸರು ಹೇಳುವುದು ಕಡ್ಡಾಯವಾಗಬೇಕು. ಇವಕ್ಕೆಲ್ಲ ಸಮಯ ಹಿಡಿಯುತ್ತದೆ. ಆದರೆ ಎಥಿಕ್ಸ್ ಕಾಗದ ಕೈಗೆ ಬರದೆ ವಿಚಾರಣೆ ಇಡುವುದಿಲ್ಲ ಅನ್ನಲು ಹೊಸ ಕಾನೂನು ಬೇಕಿಲ್ಲ. ಸೆನೆಟ್ ಸಮಿತಿಗಳ ಅಧ್ಯಕ್ಷರು ಮನಸ್ಸು ಮಾಡಿದರೆ ಸಾಕು.

ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಓಟಿರುವ ನಮ್ಮ ಕನ್ನಡದವರಿಗೆ ಇದನ್ನು ಹೇಳಬೇಕು ಅಂತಲೇ ಇಷ್ಟು ಬರೆದೆ. ಫೋನ್ ಮಾಡಿದರೆ ಏನಾಗುತ್ತದೆ ಅನ್ನಬೇಡಿ. 2017ರ ಜನವರಿ 2ರ ರಾತ್ರಿ ಕೆಳಮನೆಯ ರಿಪಬ್ಲಿಕನ್ನರು ತಮ್ಮದೇ ಸಂಸತ್ತಿನ ಎಥಿಕ್ಸ್ ಕಚೇರಿಯ ಕೈಕಟ್ಟಲು ತೀರ್ಮಾನ ಮಾಡಿದ್ದರು. ಬೆಳಗಾಗುವಷ್ಟರಲ್ಲಿ ಅವರ ಕಚೇರಿಗಳ ಫೋನು ಬಿಡುವಿಲ್ಲದೆ ಹೊಡೆದುಕೊಂಡವು. ಟ್ರಂಪ್ ಕೂಡ ಇದಕ್ಕೆ ಇದು ಹೊತ್ತಲ್ಲ ಅಂತ ಟ್ವೀಟ್ ಮಾಡಿದರು. ಮಧ್ಯಾಹ್ನದೊಳಗೆ ತೀರ್ಮಾನ ಕೈಬಿಟ್ಟರು. ಮುಂದಿನ ಅಧ್ಯಕ್ಷೀಯ ಚುನಾವಣೆ 2028ರ ನವೆಂಬರ್ 7ಕ್ಕೆ. ಅಷ್ಟರೊಳಗೆ ನಿಮ್ಮ ಸೆನೆಟರ್ ಕಚೇರಿಗೆ ಒಂದು ಫೋನ್ ಮಾಡಿ, ‘ಎಥಿಕ್ಸ್ ಕಾಗದ ನೋಡದೆ ಯಾರಿಗೂ ಓಟು ಹಾಕುವುದಿಲ್ಲ ಅಂತ ಬರೆದುಕೊಡ್ತೀರಾ?’ ಅಂತ ಕೇಳಿ. ಯಾವ ಪಕ್ಷದವರು ಗೆದ್ದರೂ ಈ ಮಾತಿಗೆ ಕಟ್ಟುಬೀಳಬೇಕು ಅಂತಲೂ ಹೇಳಿ. ಕೊಟ್ಟ ಉತ್ತರವನ್ನು ಇಲ್ಲಿ ಕಾಮೆಂಟ್‌ನಲ್ಲಿ ಹಾಕಿ.