ಹಪ್ಪಳದ ಸೀಸನ್ನಿನಲ್ಲಿ ಮನೆ ಮಾರಾಟ

ತೀರ್ಥಹಳ್ಳಿ ಕಡೆ ಮನೆ ಮಾರಬೇಕೆಂದಿರುವವರಿಗೆ ವರ್ಷದಲ್ಲಿ ಸಿಗುವುದು ಹೆಚ್ಚೆಂದರೆ ಎರಡೂವರೆ ತಿಂಗಳು. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಮುಗಿಯಿತು. ಆಗ ಮನೆ ನೋಡಲು ಬಂದವರು ಮನೆ ನೋಡುವುದಿಲ್ಲ, ಬಗ್ಗಿ ತಮ್ಮ ಕಾಲಿಗೆ ಹತ್ತಿದ ರಕ್ತ ಹೀರುವ ಇಂಬಳ ನೋಡಿಕೊಳ್ಳುತ್ತಾರೆ. ಅದರ ಬೆನ್ನಿಗೆ ಆಷಾಢ, ಕೊಂಚ ಬಿಟ್ಟು ಪಿತೃಪಕ್ಷ, ಅದು ಕಳೆಯುವಷ್ಟರಲ್ಲಿ ಅಡಿಕೆ ಕೊಯ್ಲು. ಕೊಯ್ಲಿನ ಹೊತ್ತಲ್ಲಿ ನಮ್ಮ ಕಡೆಯವರ ಹತ್ತಿರ ಮನೆಯ ಬೆಲೆ ಕೇಳಿದರೆ ರಾಶಿ ಅಡಿಕೆಯ ಧಾರಣೆ ಹೇಳುತ್ತಾರೆ. ಧನುರ್ಮಾಸದಲ್ಲಿ ಒಳ್ಳೆ ಕೆಲಸ ಮಾಡಬಾರದು. ಹೀಗೆ ಕಳೆದು ಕಳೆದು ಉಳಿಯುವುದು ಯುಗಾದಿಯಿಂದ ಮೊದಲ ಜಡಿಮಳೆಯವರೆಗಿನ ದಿನಗಳು.

ನನ್ನ ಗ್ರಹಚಾರಕ್ಕೆ, ಅದೇ ದಿನಗಳಲ್ಲಿ ನಮ್ಮಮ್ಮ ಹಲಸಿನ ಹಪ್ಪಳ ಮಾಡುತ್ತಾಳೆ.

ಅಪ್ಪ ಹೋದ ಮೇಲೆ ಅಮ್ಮ ಶಿವಮೊಗ್ಗದಲ್ಲಿ ನಮ್ಮ ಜೊತೆಗಿದ್ದಾಳೆ. ಊರಿನ ಮನೆಗೆ ಬೀಗ. ಮಲೆನಾಡಿನಲ್ಲಿ ಬೀಗ ಹಾಕಿದ ಮನೆಯೆಂದರೆ ಒರಲೆಗೆ ಬಾಡಿಗೆಯಿಲ್ಲದೆ ಕೊಟ್ಟ ಮನೆ. ಮಾರಿಬಿಡೋಣ ಅಂತ ಬೆಂಗಳೂರಿನ ಅಣ್ಣ ಫೋನಿನಲ್ಲೇ ತೀರ್ಮಾನ ಮಾಡಿದ. ಅಕ್ಕಂದಿರಿಬ್ಬರೂ ಸಹಿಗೆ ಬರುತ್ತೇವೆ ಎಂದರು. ಅಮ್ಮನನ್ನು ಒಪ್ಪಿಸಲು ನಾನು ಒಂದು ವಾರದ ಮಾತು ಸಿದ್ಧಮಾಡಿಕೊಂಡಿದ್ದೆ. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. “ಮಾರುವುದಾದರೆ ಮಾರು ಮಾರಾಯ. ಆದರೆ ಈ ವರ್ಷದ ಹಪ್ಪಳ ಅಲ್ಲೇ ಆಗಬೇಕು. ಶಿವಮೊಗ್ಗದ ತಾರಸಿಯಲ್ಲಿ ಒಣಗಿದ್ದಕ್ಕೆ ರುಚಿಯೇ ಇಲ್ಲ.”

ಬ್ರೋಕರ್ ಸಿಕ್ಕಿದ್ದೂ ತಡವಾಗಲಿಲ್ಲ. ಮಲೆನಾಡಿನಲ್ಲಿ ಈಗ ಅಡಿಕೆ ಮರಕ್ಕಿಂತ ಬ್ರೋಕರುಗಳೇ ಒತ್ತೊತ್ತಾಗಿ ಬೆಳೆದಿದ್ದಾರೆ. “2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿದರಲ್ಲ ಸಾರ್, ಈಗ ರೈತ ಅಲ್ಲದವರೂ ತೋಟ ತಗೋಬಹುದು. ಮನೆ ಜೊತೆ ಆ ಅರ್ಧ ಎಕರೆನೂ ಬಿಡಿ, ಪಾರ್ಟಿ ಹಾರಿಕೊಂಡು ಬರುತ್ತೆ” ಎಂದ. ಹಾರಿಕೊಂಡು ಎಂದದ್ದು ಬರೀ ಮಾತಿಗಲ್ಲ. ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದಾಗಿನಿಂದ ಅವನ ಕೈಲಿರುವ ಎಲ್ಲ ಮನೆಗಳೂ “ಏರ್‌ಪೋರ್ಟಿಗೆ ಹತ್ತಿರ”. ನಮ್ಮೂರಿಂದ ಶಿವಮೊಗ್ಗಕ್ಕೇ 60 ಕಿಲೋಮೀಟರಿನ ಮೇಲಾಗುತ್ತದೆ, ಏರ್‌ಪೋರ್ಟು ಅದರಾಚೆ. ಬಸ್ ಸ್ಟ್ಯಾಂಡಿಗೆ ಎಷ್ಟು ದೂರ ಅಂತ ಮಾತ್ರ ಅವನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಅವರು ನಡೆದು ನೋಡುತ್ತಿದ್ದರು.

ಮನೆ ಮಾರುವ ಮುಂಚೆ ಏನೇನು ಮಾಡಬೇಕೆಂದು ನನ್ನ ಹೆಂಡತಿ ಯೂಟ್ಯೂಬಿನಲ್ಲಿ ನೋಡಿದ್ದಳು. ಮೊದಲನೆಯದಾಗಿ ಗೋಡೆಯ ಮೇಲಿನ ಮನೆಮಂದಿಯ ಫೋಟೊ ತೆಗೆಯಬೇಕಂತೆ; ಕೊಳ್ಳುವವರು ಆ ಜಾಗದಲ್ಲಿ ತಮ್ಮನ್ನೇ ಕಲ್ಪಿಸಿಕೊಳ್ಳಬೇಕಂತೆ. ಜಗುಲಿಯ ಗೋಡೆಯಲ್ಲಿ ಹನ್ನೆರಡು ಫೋಟೊ ಇದ್ದವು. ಅಜ್ಜ, ಅಜ್ಜಿ, ಕೋಟು ಹಾಕಿಕೊಂಡು ಬೆವರುತ್ತಿರುವ ಮದುಮಗ ಅಪ್ಪ, ಮತ್ತು ಯಾರೆಂದು ಯಾರಿಗೂ ಗೊತ್ತಿಲ್ಲದ ಒಬ್ಬರು. ಅವರಿಗೂ ಹಬ್ಬಕ್ಕೆ ಹೂ ಇಡುತ್ತಿದ್ದೆವು. ಎಲ್ಲರನ್ನೂ ಇಳಿಸಿ ಮೆತ್ತಿನ ಮೇಲೆ, ಅಂದರೆ ಅಟ್ಟಕ್ಕೆ, ಸಾಗಿಸಿದೆವು. ಇಳಿಸಿದ ಮೇಲೆ ನೋಡಿದರೆ ಹೊಗೆ ಹಿಡಿದ ಗೋಡೆಯಲ್ಲಿ ಹನ್ನೆರಡು ಬಿಳೀ ಚೌಕಗಳು. ಫೋಟೊ ಇದ್ದಾಗ ಹಿರಿಯರು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು, ಈಗ ಅವರು ಸಿಟ್ಟಾಗಿ ಎದ್ದುಹೋಗಿದ್ದಾರೆ ಅನ್ನಿಸತೊಡಗಿತು.

ಹಾಗಾಗಿ ಬಣ್ಣ ಹೊಡೆಸಲೇಬೇಕಾಯಿತು. ಸುಣ್ಣದ ಗೋಡೆಗೆ ಸುಣ್ಣವೇ ಸರಿ ಅಂತ ಅಮ್ಮ ಹೇಳಿದ್ದಳು. ನಾನು ಕೇಳದೆ ಡಿಸ್ಟೆಂಪರ್ ಹೊಡೆಸಿದೆ, ‘ಐವರಿ’ ಎಂಬ ಬಣ್ಣದ್ದು. ನನ್ನ ಕಣ್ಣಿಗೆ ಅದು ಹಳಸಿದ ಮಜ್ಜಿಗೆಯ ಬಣ್ಣ. ಮೂರು ದಿನ ಚೆನ್ನಾಗಿತ್ತು. ಏಪ್ರಿಲ್ ಬಿಸಿಲು ನಾಲ್ಕನೇ ದಿನ ಗೋಡೆಗೆ ಬಿದ್ದದ್ದೇ, ತಲೆಮಾರುಗಳ ಸುಣ್ಣದ ಪದರದ ಮೇಲೆ ಕೂತಿದ್ದ ಡಿಸ್ಟೆಂಪರ್ ಅಂಚಿನಿಂದ ಮೇಲೆದ್ದು ಸುರುಳಿ ಸುತ್ತಿಕೊಳ್ಳತೊಡಗಿತು. ಉಗುರಿಂದ ಮುಟ್ಟಿದರೆ ಅಂಗೈ ಅಗಲದ ಚಕ್ಕೆ ಸದ್ದಿಲ್ಲದೆ ಕೆಳಗೆ. ಅಮ್ಮ ಒಂದು ಚಕ್ಕೆ ಎತ್ತಿ ಬೆಳಕಿಗೆ ಹಿಡಿದು ನೋಡಿ, “ತೆಳು ಬಂದಿದೆ. ಚೆನ್ನಾಗಿ ಒಣಗಿದೆ ಕೂಡ” ಎಂದಳು.

ಅವಳ ಹಪ್ಪಳವೂ ಅಷ್ಟು ಹೊತ್ತಿಗೆ ರಂಗಕ್ಕೆ ಇಳಿದಿತ್ತು. ಬಲಿತ ಹಲಸಿನಕಾಯಿ ಕೊಯ್ಯಿಸಿ, ಸೊಳೆ ಬಿಡಿಸಿ, ಬೇಯಿಸಿ, ಮೆಣಸು ಕೊತ್ತಂಬರಿ ಉಪ್ಪು ಸೇರಿಸಿ ಒರಳಲ್ಲಿ ಬಿಸಿಯಿರುವಾಗಲೇ ಕುಟ್ಟಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒಂದು ಅದುಮು. ಆ ಅದುಮಿಗೆ ಪಕ್ಕದ ಮನೆಯ ಇಬ್ಬರು ಹೆಂಗಸರು, ಜೊತೆಗೆ ರಜೆಗೆ ಬಂದ ಮಕ್ಕಳು. ಅಂಗಳದ ತುಂಬಾ ಚಾಪೆ, ಚಾಪೆಯ ತುಂಬಾ ಹಪ್ಪಳ, ಹಪ್ಪಳದ ಪಕ್ಕ ಕೋಲು ಹಿಡಿದ ನನ್ನ ಮಗ. ಅವನು ಮಂಗ ಓಡಿಸಲು ನೇಮಕಗೊಂಡವನು. ಮೊಬೈಲ್ ನೋಡುತ್ತಾ ಕೂತಿದ್ದ. ಮಂಗಗಳಿಗೆ ಇದು ಮೊದಲ ದಿನವೇ ಅರ್ಥವಾಯಿತು.

ಮಂಗ ಅಂಗಳಕ್ಕೆ ನೇರವಾಗಿ ಬರುವುದಿಲ್ಲ. ಹಲಸಿನ ಮರದಿಂದ ಹಂಚಿನ ಮಾಡಿಗೆ ಹಾರಿ, ಮಾಡಿನ ಮೇಲೆ ದಡದಡ ಓಡಿ, ಅಂಚಿನಿಂದ ಧುಮುಕುತ್ತದೆ. ಪ್ರತಿ ಹಪ್ಪಳಕ್ಕೆ ಸುಮಾರು ಒಂದು ಹಂಚಿನ ಲೆಕ್ಕ.

ಹಂಚಿನ ವಿಷಯ ಸ್ವಲ್ಪ ಹೇಳಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಲೆನಾಡಿನ ಸೋಗೆ ಮಾಡುಗಳು ಒಂದೊಂದಾಗಿ ಕೆಂಪಾದವು. ಸೋಗೆಯಾದರೆ ವರ್ಷ ವರ್ಷ ಹೊದೆಸಬೇಕು, ಹಂಚು ಒಂದು ಸಲ ಹೊದೆಸಿದರೆ ಆಯಿತು ಎಂದು ನಮ್ಮಜ್ಜ ನಂಬಿದ್ದರು. ಹಂಚಿನ ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದಲ್ಲ, ಅದು ಬರೀ ಚಂದಕ್ಕಲ್ಲ, ಜಾತಿ. ಒಂದು ಕಾರ್ಖಾನೆಯ ಹಂಚಿನ ತೋಡಿಗೆ ಇನ್ನೊಂದು ಕಾರ್ಖಾನೆಯ ಹಂಚಿನ ಏಣು ಸರಿಯಾಗಿ ಕೂರುವುದಿಲ್ಲ. ನಮ್ಮ ಮನೆಯ ಹಂಚು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ. ಹಂಚು ಕೈಯಾಡಿಸಲು ಬಂದವನು ಮೇಲೆ ಹತ್ತಿ, ಒಡೆದದ್ದು ಹದಿನೇಳು ಎಂದು ಎಣಿಸಿದ. ಇಳಿಯುವಾಗ ಇಪ್ಪತ್ತಮೂರು ಎಂದ. ನಡುವಿನ ಆರು ಯಾರ ಲೆಕ್ಕಕ್ಕೆ ಅಂತ ಕೇಳಿದರೆ, “ಮಂಗ ತೂಕ ಕಡಿಮೆ ಸಾರ್, ನಾನು ಹಾಗಲ್ಲವಲ್ಲ” ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ.

ಕಾಗದಪತ್ರದ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ನಗುವಂಥದ್ದು ಕಡಿಮೆ. ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಬೇಕು, ಜಾಗದ ಪಹಣಿ ಬೇಕು, ಋಣಭಾರ ಪತ್ರ ಬೇಕು. ನಮ್ಮಜ್ಜನ ಹೆಸರು ಮೂರು ಕಡೆ ಮೂರು ಥರ ಇತ್ತು. ಒಂದರಲ್ಲಿ ‘ಅಯ್ಯ’, ಒಂದರಲ್ಲಿ ‘ಅಪ್ಪ’, ಇನ್ನೊಂದರಲ್ಲಿ ಏನೂ ಇಲ್ಲ. ಮೂವರೂ ಒಬ್ಬರೇ ಎಂದು ಸಾಧಿಸುವಷ್ಟರಲ್ಲಿ ಎರಡು ಚಪ್ಪಲಿ ಸವೆದವು.

ಮೊದಲ ಪಾರ್ಟಿ ಬೆಂಗಳೂರಿನ ಗಂಡ ಹೆಂಡತಿ. ಹೋಂಸ್ಟೇ ಮಾಡುವ ಆಸೆ. ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆಂದವರು ದಾರಿಯಲ್ಲಿ ಸಕ್ರೆಬೈಲಿನಲ್ಲಿ ಆನೆ ಸ್ನಾನ ನೋಡುತ್ತಾ ನಿಂತು, ಒಂದೂವರೆಗೆ ಬಂದರು. ನನ್ನ ಹೆಂಡತಿ ಯೂಟ್ಯೂಬಿನ ಪ್ರಕಾರ ಮನೆಯಲ್ಲಿ ಕಾಫಿಯ ಪರಿಮಳ ಹಬ್ಬಿಸಿದ್ದಳು. ಅದು ಹಣ್ಣಾಗಿ ಮರದಿಂದ ಬಿದ್ದು ಒಡೆದ ಹಲಸಿನ ವಾಸನೆಯ ಮುಂದೆ ಸೋತು ಮೂಲೆ ಸೇರಿತ್ತು. ಬಂದವರಿಗೆ ಹಸಿವು. ಅಮ್ಮ ಕಾಡುಮಾವಿನ ಸಾಸಿವೆ, ಅನ್ನ, ಹಪ್ಪಳ ಬಡಿಸಿದಳು. ಊಟ ಮಾಡುತ್ತಾ ಅವರು, “ಆಂಟಿ, ಬಾವಿಯಲ್ಲಿ ವರ್ಷಪೂರ್ತಿ ನೀರಿರುತ್ತಾ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಉತ್ತರ ಕೊಟ್ಟಾಗಿತ್ತು. “ಶಿವರಾತ್ರಿವರೆಗೆ ಕೊಡದಲ್ಲಿ ಸೇದಬಹುದು. ಆಮೇಲೆ ಚೊಂಬಲ್ಲಿ.”

“ಮಳೆ ತುಂಬಾನಾ ಇಲ್ಲಿ?”

“ಆಗುಂಬೆಯಷ್ಟಿಲ್ಲ. ಅದರ ಅರ್ಧ ಅಂತ ಇಟ್ಕೊಳ್ಳಿ. ಆದರೆ ಆ ಅರ್ಧ ಪೂರ್ತಿ ಒಳಗೇ ಬರುತ್ತೆ.”

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಆ ಯಜಮಾನರು ಅಲ್ಲೇ ಮೊಬೈಲಿನಲ್ಲಿ ನೋಡಿದರು, ಎರಡರಿಂದ ಭಾಗಿಸಿದರು, ತಲೆಯೆತ್ತಿ ಮಾಡು ನೋಡಿದರು, ಮಜ್ಜಿಗೆ ಕೇಳಿದರು. ಹೋಗುವಾಗ ಐವತ್ತು ಹಪ್ಪಳ ಕಟ್ಟಿಸಿಕೊಂಡು ಹೋದವರು ಇವತ್ತಿಗೂ ತಿರುಗಿ ಫೋನ್ ಮಾಡಿಲ್ಲ.

“ಅಮ್ಮಾ, ಎಲ್ಲ ಹೇಳೋಕೆ ಹೋಗಬೇಡ” ಎಂದೆ.

“ನಾನೆಂತ ಹೇಳಿದೆ? ಅವರು ಕೇಳಿದರು, ಹೇಳಿದೆ. ಹೆಣ್ಣು ಕೊಡುವಾಗಲೂ ಹೀಗೇ ಸುಳ್ಳು ಹೇಳ್ತೀಯನಾ ನೀನು?”

ಎರಡನೆಯವರು ನಿವೃತ್ತರು, ಬಿಳೀ ಪ್ಯಾಂಟು, ಕೈಯಲ್ಲಿ ದಿಕ್ಸೂಚಿ. ಈಶಾನ್ಯದಲ್ಲಿ ಕೊಟ್ಟಿಗೆ ಇರಬಾರದು ಎಂದರು. “ಎಪ್ಪತ್ತು ವರ್ಷ ದನ ಅಲ್ಲೇ ಇದ್ದವು, ಅವಕ್ಕೆ ಎಂತದೂ ಆಗಲಿಲ್ಲ” ಎಂದಳು ಅಮ್ಮ. ಅವರು ಯೋಚಿಸುತ್ತಾ ಜಗುಲಿಯ ಕಟ್ಟೆಯ ಮೇಲೆ ಕೂತರು. ಸರಿಯಾಗಿ ಅಲ್ಲೇ ಬೆಳಿಗ್ಗೆ ಹಲಸು ಬಿಡಿಸಿದವರು ಮೇಣ ಸುತ್ತಿದ ಕಡ್ಡಿ ಬಿಟ್ಟಿದ್ದರು. ಹಲಸಿನ ಮೇಣಕ್ಕೆ ಹತ್ತಿಕೊಳ್ಳುವುದಷ್ಟೇ ಗೊತ್ತು. ಅವರು ಏಳಲು ಹೊರಟರೆ ಕಟ್ಟೆ ಬಿಡಲಿಲ್ಲ. ಬಿಟ್ಟಾಗ ಬಿಳೀ ಪ್ಯಾಂಟಿನ ಹಿಂಭಾಗದಿಂದ ಕಟ್ಟೆಯವರೆಗೆ ಐದಾರು ಎಳೆಗಳು, ಜೇಡರ ಬಲೆಯ ಹಾಗೆ, ಬಿಸಿಲಿಗೆ ಮಿನುಗುತ್ತಾ. ನೀರು ಹಾಕಿದರೆ ಹೋಗುವುದಿಲ್ಲ, ಎಣ್ಣೆಯೇ ಆಗಬೇಕು. ನನ್ನ ಒಂದು ಪಂಚೆ ಉಡಿಸಿ ಅವರನ್ನು ಕೂರಿಸಿ, ಅಮ್ಮ ಪ್ಯಾಂಟಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಾ ಮುಕ್ಕಾಲು ಗಂಟೆ ಮಾತಾಡಿದಳು. ಅವರ ಮಗಳಿಗೆ ಇನ್ನೂ ಗಂಡು ಸಿಕ್ಕಿಲ್ಲ ಎಂಬುದು, ಅವರ ಸಕ್ಕರೆ ಕಾಯಿಲೆ, ಎಲ್ಲವೂ ನಮಗೆ ಗೊತ್ತಾಯಿತು. ಮನೆಯ ರೇಟೆಷ್ಟು ಎಂಬುದು ಅವರಿಗೆ ಗೊತ್ತಾಗಲಿಲ್ಲ, ಕೇಳುವುದನ್ನೇ ಮರೆತರು. ಪಂಚೆ ಇನ್ನೂ ಅವರ ಹತ್ತಿರವೇ ಇದೆ.

ಮೂರನೆಯವರು ದಾವಣಗೆರೆಯ ವ್ಯಾಪಾರಸ್ಥರು, ಸಂಸಾರ ಸಮೇತ. ಮೇ ತಿಂಗಳ ನಡುವಿನ ಒಂದು ಭಾನುವಾರ. ಈ ಸಲ ಎಲ್ಲವೂ ಸರಿಯಿತ್ತು. ಉದುರಿದ ಗೋಡೆಗೆ ಮತ್ತೆ ಸುಣ್ಣ ಹೊಡೆಸಿದ್ದೆ. ಕಟ್ಟೆ ಒರೆಸಿದ್ದೆ. ಅಮ್ಮನಿಗೆ “ನೀನು ಉಪ್ಪಿನಕಾಯಿ ವಿಷಯ ಮಾತ್ರ ಮಾತಾಡು” ಎಂದಿದ್ದೆ. ಅವಳು ಅಪ್ಪೆಮಿಡಿಯ ಭರಣಿ ತೆರೆದು ಅದನ್ನೇ ಮಾಡುತ್ತಿದ್ದಳು. ಯಜಮಾನರು ಬೋದಿಗೆ ಕಂಬವನ್ನು ತಟ್ಟಿ, “ಮನಿ ಭಾಳ ಗಟ್ಟಿ ಐತ್ರೀ” ಎಂದರು. ಬ್ರೋಕರ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಪಶ್ಚಿಮದಲ್ಲಿ ಗುಡುಗಿತು.

ಆಮೇಲೆ ನಡೆದದ್ದಕ್ಕೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಅಮ್ಮ “ಹಪ್ಪಳಾ!” ಎಂದು ಕೂಗಿದಳು, ಎಲ್ಲರೂ ಅಂಗಳಕ್ಕೆ ಓಡಿದರು. ನಾನು, ಹೆಂಡತಿ, ಮಗ, ಬ್ರೋಕರ್, ದಾವಣಗೆರೆಯ ಯಜಮಾನರು, ಅವರ ಹೆಂಡತಿ, ಕಾರಿನ ಡ್ರೈವರ್. ಚಾಪೆಯ ನಾಲ್ಕು ಮೂಲೆ ಹಿಡಿದು ನಾಲ್ಕು ನಾಲ್ಕು ಜನ, ಶವ ಸಾಗಿಸುವ ಗಾಂಭೀರ್ಯದಲ್ಲಿ ಜಗುಲಿಗೆ ತಂದೆವು. ಕೊನೆಯ ಚಾಪೆ ಒಳಗೆ ಬರುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಕರೆಂಟು ಹೋಯಿತು.

ಅಮ್ಮ ಕತ್ತಲಲ್ಲೇ ಎದ್ದು ತನ್ನ ಹಳೆಯ ಕೆಲಸ ಶುರುಮಾಡಿದಳು. ದೇವರ ಕೋಣೆಯ ಬಾಗಿಲಿಗೆ ಕೊಳಗ, ಮೆತ್ತಿನ ಏಣಿಯ ಬುಡಕ್ಕೆ ಉರುಳಿ, ನಡುಮನೆಯ ಎಡಕ್ಕೆ ಹಿತ್ತಾಳೆ ತಪ್ಪಲೆ. ಇಟ್ಟ ಮೇಲೆ ಟಣ್ ಟಣ್ ಅಂತ ಹನಿ ಬೀಳತೊಡಗಿತು. ಐವತ್ತು ವರ್ಷದ ಅಭ್ಯಾಸ, ಒಂದೂ ಗುರಿ ತಪ್ಪಲಿಲ್ಲ. ಆದರೆ ಮಂಗಗಳು ಈ ವರ್ಷ ಮಾಡಿಕೊಟ್ಟ ಹೊಸ ತೂತು ಅವಳ ಲೆಕ್ಕದಲ್ಲಿರಲಿಲ್ಲ. ಅದು ಯಜಮಾನರ ತಲೆಯ ನೇರಕ್ಕಿತ್ತು. ಅವರ ಬೋಳು ನೆತ್ತಿಯ ಮೇಲೆ ಮೊದಲ ಹನಿ ಬಿದ್ದ ಸದ್ದು ಬೇರೆಯೇ ಇತ್ತು.

ನಾನು ಕಣ್ಣು ಮುಚ್ಚಿಕೊಂಡೆ. ಅಮ್ಮ ಮೇಲೆ ನೋಡಿದಳು, ಅವಳ ಮುಖದಲ್ಲಿ ನಿಜವಾದ ಅವಮಾನ. “ಇಲ್ಲಿ ಯಾವತ್ತೂ ಸೋರುತ್ತಿರಲಿಲ್ಲ ಮಾರ್ರೆ. ದೇವರಾಣೆಗೂ. ಸೋರುವುದೆಲ್ಲ ಆ ಕಡೆ.”

ಇಡೀ ಬೇಸಿಗೆಯಲ್ಲಿ ಆ ಮನೆಯ ಪರವಾಗಿ ಅವಳು ಆಡಿದ ಮಾತು ಅದೊಂದೇ.

ದಾವಣಗೆರೆಯವರು ನಕ್ಕರು. ತಮ್ಮೂರ ಬಿಸಿಲಿನಿಂದ ಬಂದವರಿಗೆ ತಲೆಯ ಮೇಲೆ ಬಿದ್ದ ತಣ್ಣನೆಯ ಹನಿ ಅಷ್ಟೇನೂ ಬೇಜಾರು ತಂದಂತಿರಲಿಲ್ಲ. ಕುರ್ಚಿ ಒಂದು ಗೇಣು ಸರಿಸಿಕೊಂಡು ಮತ್ತೆ ಅನ್ನಕ್ಕೆ ಮಿಡಿ ಉಪ್ಪಿನಕಾಯಿ ಹಾಕಿಸಿಕೊಂಡರು. ದೀಪಕ್ಕೆ ಮುತ್ತಿದ ಮಳೆಹುಳ ಸಾರಿಗೆ ಬೀಳದಂತೆ ಅವರ ಹೆಂಡತಿ ಸೆರಗಿನಿಂದ ಬೀಸುತ್ತಿದ್ದರು. ಹೊರಟಾಗ ರಾತ್ರಿ ಎಂಟೂವರೆ. ಯೋಚನೆ ಮಾಡಿ ಹೇಳುತ್ತೇವೆ ಎಂದರು.

ಹೇಳಿದರು ಕೂಡ. ಮಳೆ ಹಿಡಿದು, ಮನೆಗೆ ಮತ್ತೆ ಬೀಗ ಹಾಕಿ, ನಾವು ಶಿವಮೊಗ್ಗದಲ್ಲಿದ್ದಾಗ ಫೋನ್ ಬಂತು. ಅಣ್ಣನಿಗೆ ಕೇಳಿಸಲೆಂದು ಅವನನ್ನೂ ಲೈನಿಗೆ ಸೇರಿಸಿದೆ. ಅಮ್ಮ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

“ಮನಿ ವಿಷಯ ಆಷಾಢ ಕಳೀಲಿ ಸಾರ್, ಮಾತಾಡೋಣ” ಎಂದರು ಯಜಮಾನರು. “ಈಗ ಫೋನ್ ಮಾಡಿದ್ದು ಅದಕ್ಕಲ್ಲ. ಅಮ್ಮಾರು ಹಾಕಿದ್ರಲ್ಲ ಆ ಮಿಡಿ ಉಪ್ಪಿನಕಾಯಿ, ಒಂದೆರಡು ಕೆಜಿ ಸಿಗ್ತಾವೇನು? ಹಪ್ಪಳನೂ ಇದ್ರೆ ಒಂದಿನ್ನೂರು. ರೇಟ್ ನೀವು ಹೇಳಿದ್ದೇ.”

ನಾನು ಫೋನಿಗೆ ಕೈ ಅಡ್ಡ ಹಿಡಿದು ಅಮ್ಮನಿಗೆ ವಿಷಯ ಹೇಳಿದೆ. ಅವಳು ಸೊಪ್ಪಿನಿಂದ ತಲೆಯೆತ್ತದೆ ಒಂದು ಕ್ಷಣ ಯೋಚಿಸಿದಳು.

“ಬಿಡಿಯಾಗಿ ಕೊಡಲ್ಲ ಅಂತ ಹೇಳು. ಮನೆ ತಗೊಂಡರೆ ಭರಣಿ ಪುಕ್ಕಟೆ.”