ಕಿವಿ ಸೋರಿದರೆ ಬಾಳೆಹಣ್ಣಿಗೇಕೆ ಶಿಕ್ಷೆ?

"ಮಗುವಿನ ಕಿವಿ ಪದೇ ಪದೇ ಸೋರುತ್ತಿದೆಯೇ? ಹಾಲು, ಮೊಸರು, ಬಾಳೆಹಣ್ಣು ಇಂದೇ ನಿಲ್ಲಿಸಿ" ಎಂಬ ವಾಟ್ಸ್‌ಆ್ಯಪ್ ಸಂದೇಶ ಮಳೆಗಾಲದಲ್ಲಿ ನೆಗಡಿಯಷ್ಟೇ ಬೇಗ ಹರಡುತ್ತದೆ.

ಹೊಟ್ಟೆಯಿಂದ ಕಿವಿಗೆ ದಾರಿಯಿಲ್ಲ. ದಾರಿಯಿರುವುದು ಮೂಗಿನ ಹಿಂಭಾಗದಿಂದ: ಯೂಸ್ಟೇಕಿಯನ್ ನಾಳ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ. ಎರಡು ವರ್ಷದ ಮಗುವಿನಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ನೆಗಡಿಯಾದಾಗ ಊದಿ ಕಟ್ಟಿಕೊಳ್ಳುತ್ತದೆ. ನಡುಗಿವಿಯಲ್ಲಿ ನಿಂತ ದ್ರವದಲ್ಲಿ ಸೋಂಕು ಬೆಳೆಯುತ್ತದೆ. ಅಂಗನವಾಡಿಗೆ ಹೊಸದಾಗಿ ಸೇರಿದ ಮಗುವಿಗೆ ನೆಗಡಿಯ ಬೆನ್ನಿಗೇ ಕಿವಿನೋವು ಬರುವುದು ಇದಕ್ಕೇ.

ಆಹಾರಕ್ಕೆ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಎದೆಹಾಲು ಕುಡಿದ ಶಿಶುಗಳಲ್ಲಿ ಈ ಸೋಂಕು ಕಡಿಮೆ. ಅಂಗಾತ ಮಲಗಿಸಿ ಬಾಟಲಿ ಬಾಯಿಗಿಟ್ಟರೆ ಹಾಲು ಆ ನಾಳದತ್ತ ಸರಿಯಬಹುದು. ತಲೆ ಎತ್ತಿ ಹಿಡಿದು ಕುಡಿಸಬೇಕು. ಹಾಲಿನ ಅಲರ್ಜಿ ಖಚಿತವಾಗಿರುವ ಮಗುವಿನ ಮಾತು ಬೇರೆ, ಅದನ್ನು ವೈದ್ಯರು ನಿರ್ಧರಿಸಲಿ. ಉಳಿದವರ ತಟ್ಟೆಯಿಂದ ಮೊಸರನ್ನ ಕಿತ್ತುಕೊಂಡರೆ ನಷ್ಟ ಪೋಷಣೆಗೆ ಮಾತ್ರ.

ಮನೆಯೊಳಗಿನ ಬೀಡಿ, ಸಿಗರೇಟಿನ ಹೊಗೆ ನಿಜವಾದ ಅಪರಾಧಿಗಳಲ್ಲಿ ಒಂದು. ಅದರ ಬಗ್ಗೆ ಸಂದೇಶ ಬಂದದ್ದನ್ನು ನಾನಂತೂ ಕಂಡಿಲ್ಲ. ಕಿವಿ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಒಂದರ ವಿರುದ್ಧ ಕೊಡುವ ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಉಚಿತ.

ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬೇಡಿ. ಕಿವಿಯೊಳಗಿನ ತಮಟೆ (ತೆಳು ಪರದೆ) ತೂತಾಗಿರಬಹುದು, ಆಗ ಎಣ್ಣೆ ನೇರ ಒಳಗಿಳಿಯುತ್ತದೆ.